ಬಸುರಿ, ಬಾಣಂತಿ ಮತ್ತು ನೇಣು

ಬಸುರಿ ಬಾಣಂತಿ ಎಂಬ ಎರಡು ಮಾತನ್ನು ನಮ್ಮ ಹೆಂಗಸರು ಜೋಡಿಸಿಯೇ ಆಡುತ್ತಾರೆ. 'ಬಸುರಿ ಬಾಣಂತೀರು ಇರೋ ಮನೆ, ಸ್ವಲ್ಪ ಮೆತ್ತಗೆ ಮಾತಾಡ್ರೋ' ಎಂಬ ಗದರಿಕೆಯನ್ನು ಕೇಳದೆ ಬೆಳೆದವರು ನಮ್ಮ ಹಾಸನದ ಕಡೆಯಂತೂ ಇಲ್ಲ. ಹೊಟ್ಟೆಯಲ್ಲಿ ಮಗು ಇರುವ ತಿಂಗಳುಗಳು ಬೇರೆ, ಮಗು ಮಡಿಲಿಗೆ ಬಂದ ತಿಂಗಳುಗಳು ಬೇರೆ ಎಂದು ಅಜ್ಜಿಯರು ನಡುವೆ ಗೆರೆ ಎಳೆದವರಲ್ಲ. ಒಬ್ಬಳಿಗೆ ಬಯಕೆಯ ಊಟ, ಇನ್ನೊಬ್ಬಳಿಗೆ ಎಣ್ಣೆನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು. ಉಪಚಾರ ಬೇರೆಯಾದರೂ ಜೀವ ಒಂದೇ, ಅದರ ಮೇಲಿನ ಮರುಕವೂ ಒಂದೇ.

ಕಾನೂನು ಮಾತ್ರ ಈ ಜೋಡಿಯನ್ನು ಬಿಡಿಸಿ ನೋಡಿತು. ಮರಣದಂಡನೆಗೆ ಗುರಿಯಾದ ಹೆಂಗಸು ಬಸುರಿಯಾಗಿದ್ದರೆ ಆಕೆಯನ್ನು ಕೊಲ್ಲಬಾರದು ಎಂಬುದು ಲೋಕದ ಬಹಳ ಹಳೆಯ ಕಟ್ಟಳೆಗಳಲ್ಲಿ ಒಂದು. ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ದೇವರನ್ನು ನಂಬಿದವರಲ್ಲಿ ಅದು ಕಾಣಸಿಗುತ್ತದೆ. ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇತಿಹಾಸದ ಪಾಠ ಹೇಳುತ್ತಿದ್ದಾಗ ನಾನು ಈ ಸಂಗತಿಯನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಿದ್ದೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, 'ಹೆತ್ತ ಮೇಲೆ ಏನ್ ಮಾಡ್ತಿದ್ರು ಮೇಡಂ?' ಎಂದು ಕೇಳಿದಳು. ಎರಡೇ ಮಾತಿನ ಆ ಪ್ರಶ್ನೆಯನ್ನು ಹಿಡಿದುಕೊಂಡು ಹೊರಟರೆ ಸುಮಾರು ಎರಡು ಸಾವಿರ ವರ್ಷ ನಡೆಯಬೇಕಾಗುತ್ತದೆ.

ಮೊದಲು ನಮ್ಮ ಮನೆಯ ಮಾತನ್ನೇ ತೆಗೆದುಕೊಳ್ಳೋಣ. ನಮ್ಮ ಜಿಲ್ಲೆಯ ರುದ್ರಪಟ್ಟಣ ಸಂಗೀತಗಾರರ ಊರೆಂದು ಪ್ರಸಿದ್ಧ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದ ಆರ್. ಶಾಮಶಾಸ್ತ್ರಿಗಳೂ ಆ ಊರಿನವರೇ. ಕೌಟಿಲ್ಯನ ಅರ್ಥಶಾಸ್ತ್ರ ಎಂಬ ಗ್ರಂಥದ ಹೆಸರನ್ನಷ್ಟೇ ಲೋಕ ಕೇಳಿದ್ದ ಕಾಲದಲ್ಲಿ, ಗ್ರಂಥಾಲಯಕ್ಕೆ ಬಂದ ತಾಳೆಗರಿಯ ಕಟ್ಟೊಂದು ಅದೇ ಎಂದು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ಅವರು. ಆ ಗ್ರಂಥದ ಕಂಟಕಶೋಧನ ಎಂಬ ಭಾಗದಲ್ಲಿ, ಗಂಡಸನ್ನು ಕೊಂದ ಹೆಂಗಸನ್ನು ನೀರಿನಲ್ಲಿ ಮುಳುಗಿಸಿ ಕೊಲ್ಲಬೇಕೆಂಬ ವಿಧಿಯಿದೆ. ಅದರ ಬೆನ್ನಿಗೇ ಒಂದು ಹೊರತೂ ಇದೆ: ಆಕೆ ಬಸುರಿಯಾಗಿರಬಾರದು, ಬಸುರಿಯಾಗಿದ್ದರೆ ಹೆತ್ತು ಕಡೆಯಪಕ್ಷ ಒಂದು ತಿಂಗಳಾಗಿರಬೇಕು. ತಪ್ಪೊಪ್ಪಿಸಲು ಹಿಂಸೆ ಕೊಡುವ ಸಂದರ್ಭದಲ್ಲೂ ಬಸುರಿಯನ್ನೂ ಹೆತ್ತು ತಿಂಗಳಾಗದವಳನ್ನೂ ಮುಟ್ಟಬಾರದು ಎಂದಿದೆ.

ಅಂದರೆ ಕೌಟಿಲ್ಯನಿಗೆ ಬಾಣಂತಿ ನೆನಪಿಗೆ ಬಂದಿದ್ದಾಳೆ, ಆದರೆ ಒಂದೇ ತಿಂಗಳಿಗೆ. ಮನೆಯಲ್ಲಿ ಬಾಣಂತನ ಮಾಡಿಸಿದ ಹಿರಿಯಳೊಬ್ಬಳನ್ನು ಕೇಳಿದ್ದರೆ ಮೂರು ತಿಂಗಳಾದರೂ ಬರೆಸುತ್ತಿದ್ದಳು! ನಗೆಯ ಮಾತು ಹಾಗಿರಲಿ, ಆ ಒಂದು ತಿಂಗಳು ಯಾರಿಗಾಗಿ ಎಂಬುದನ್ನು ಯೋಚಿಸಬೇಕು. ಹೆಂಗಸು ಚೇತರಿಸಿಕೊಳ್ಳಲಿ ಎಂದು ಕೊಟ್ಟದ್ದಾದರೆ ಅದಕ್ಕೆ ಅರ್ಥವಿಲ್ಲ. ಮುಳುಗಿಸುವವಳನ್ನು ಚೇತರಿಸಿ ಏನಾಗಬೇಕು? ಕೂಸು ಮೊಲೆ ಕಚ್ಚಿ, ಸ್ವಲ್ಪ ಗಟ್ಟಿಯಾಗಲಿ ಎಂದೇ ಇರಬೇಕು.

ರೋಮನರ ಕಾನೂನಿನಲ್ಲೂ ಇದೇ ಮಾತು. ಮರಣದಂಡನೆಯಾದ ಬಸುರಿಯ ಶಿಕ್ಷೆಯನ್ನು ಹೆರಿಗೆಯವರೆಗೆ ಮುಂದೂಡಬೇಕೆಂದು ಮೂರನೆಯ ಶತಮಾನದ ನ್ಯಾಯಪಂಡಿತ ಉಲ್ಪಿಯನ್ ಬರೆದಿಟ್ಟಿದ್ದಾನೆ. ಅದು ಬರಿಯ ಬರಹವಾಗಿರಲಿಲ್ಲ, ನಡೆಯುತ್ತಿತ್ತು ಎಂಬುದಕ್ಕೆ ಆಫ್ರಿಕಾದ ಉತ್ತರ ತೀರದ ಕಾರ್ಥೇಜಿನಲ್ಲಿ ಕ್ರಿ.ಶ. 203ರಲ್ಲಿ ನಡೆದ ಒಂದು ಪ್ರಸಂಗ ಸಾಕ್ಷಿ. ಕ್ರೈಸ್ತರಾದರೆಂಬ ಅಪರಾಧಕ್ಕಾಗಿ ಕೆಲವರನ್ನು ಕಾಡುಮೃಗಗಳ ಬಾಯಿಗೆ ಕೊಡುವ ಶಿಕ್ಷೆಯಾಯಿತು. ಅವರಲ್ಲಿ ಇಬ್ಬರು ಹೆಂಗಸರು. ಒಬ್ಬಳು ಪರ್ಪೆಚುವಾ, ಸುಮಾರು ಇಪ್ಪತ್ತೆರಡು ವಯಸ್ಸಿನ ಮನೆತನಸ್ಥ ಹೆಣ್ಣು, ಮೊಲೆಗೂಸಿನ ತಾಯಿ. ಇನ್ನೊಬ್ಬಳು ಫೆಲಿಸಿಟಿ, ಗುಲಾಮಳು, ಎಂಟು ತಿಂಗಳ ಬಸುರಿ.

ಬಸುರಿಗೆ ಕಾನೂನಿನ ರಕ್ಷೆಯಿತ್ತು. ಜೊತೆಯವರೆಲ್ಲ ಸತ್ತ ಮೇಲೆ ತಾನೊಬ್ಬಳೇ ಉಳಿದು, ಬೇರೆ ಕಳ್ಳಕಾಕರ ನಡುವೆ ಸಾಯಬೇಕಾಗುತ್ತದಲ್ಲ ಎಂದು ಆಕೆ ಕೊರಗಿದಳಂತೆ. ಮೃಗಗಳ ಆಟಕ್ಕೆ ಎರಡು ದಿನ ಮುಂಚೆ ಸೆರೆಮನೆಯಲ್ಲೇ ಹೆರಿಗೆಯಾಯಿತು, ಹೆಣ್ಣು ಮಗು. ಕಾವಲಿನವನು ನೋವಿನಲ್ಲಿ ಕೂಗುತ್ತಿದ್ದವಳನ್ನು ಹಂಗಿಸಿದ. ಮಗುವನ್ನು ಒಬ್ಬ ಸೋದರಿ ತೆಗೆದುಕೊಂಡು ಹೋಗಿ ಸಾಕಿದಳು. ಪರ್ಪೆಚುವಾಗೆ ಕಾನೂನಿನಿಂದ ಒಂದು ದಿನದ ಬಿಡುವೂ ಇರಲಿಲ್ಲ, ಏಕೆಂದರೆ ಅವಳ ಮಗು ಆಗಲೇ ಹುಟ್ಟಿಯಾಗಿತ್ತು. ಸೆರೆಮನೆಯಲ್ಲಿ ಅವಳು ತಾನೇ ಬರೆದಿಟ್ಟ ಟಿಪ್ಪಣಿಗಳು ಇಂದಿಗೂ ಉಳಿದಿವೆ. ಹಸಿವಿನಿಂದ ಸೊರಗಿದ ಕೂಸಿಗೆ ಹಾಲೂಡಿಸಿದ್ದು, ಆಮೇಲೆ ತಂದೆ ಮಗುವನ್ನು ಕಳಿಸಲು ಒಪ್ಪದೆ ಹೋದದ್ದು, ದೇವರ ದಯೆಯಿಂದ ಎದೆ ಬಿಗಿದು ಬಾವು ಬರದೆ ಉಳಿದದ್ದು, ಎಲ್ಲವನ್ನೂ ಬರೆದಿದ್ದಾಳೆ. ರೋಮನ್ ಸಾಮ್ರಾಜ್ಯದ ಇತಿಹಾಸವೆಂದು ನಾವು ಓದಿದ ಪುಟಗಳಲ್ಲಿ ಎದೆಹಾಲಿನ ಚಿಂತೆ ಬೇರೆಲ್ಲಿ ಬರುತ್ತದೆ!

ಮಾರ್ಚ್ 7ರಂದು ಇಬ್ಬರನ್ನೂ ಬಯಲಿಗೆ ತಂದರು. ಬಟ್ಟೆ ಕಿತ್ತು ಬಲೆ ತೊಡಿಸಿದ್ದರು. ನೋಡಲು ಬಂದ ಜನ, ಹೆಣ್ಣೊಬ್ಬಳ ಎದೆಯಿಂದ ಹಾಲು ತೊಟ್ಟಿಕ್ಕುತ್ತಿದ್ದುದನ್ನು ಕಂಡು ನಡುಗಿಹೋದರು ಎಂದು ಆ ಕತೆಯನ್ನು ಪೂರ್ತಿ ಮಾಡಿದವನು ಬರೆಯುತ್ತಾನೆ. ಜನ ನಡುಗಿದ್ದರಿಂದ ಇಬ್ಬರನ್ನೂ ವಾಪಸು ಕರೆಸಿ, ಸಡಿಲವಾದ ಅಂಗಿ ಹಾಕಿ, ಮತ್ತೆ ಬಯಲಿಗೆ ಬಿಟ್ಟರು. ಆ ಅಂಗಿಯ ಮಾತನ್ನು ನಾನು ಎಷ್ಟು ಸಲ ಓದಿದರೂ ಮುಂದಕ್ಕೆ ಹೋಗಲಾಗುವುದಿಲ್ಲ. ಜನರ ಮರುಕ ಆ ಹಾಲನ್ನು ಮುಚ್ಚುವಷ್ಟಕ್ಕೆ ಸಾಕಾಯಿತು.

ಇಂಗ್ಲೆಂಡಿನಲ್ಲಿ ಈ ಕಟ್ಟಳೆ ಒಂದು ವಿಚಿತ್ರ ಆಚರಣೆಯ ರೂಪ ತಾಳಿತು. ಗಲ್ಲಿನ ತೀರ್ಪಾದ ಹೆಂಗಸು 'ನನಗೆ ಹೊಟ್ಟೆಯಿದೆ' ಎಂದು ಹೇಳಿಕೊಳ್ಳಬಹುದಿತ್ತು. ಕೂಡಲೇ ನ್ಯಾಯಾಲಯದ ಬಾಗಿಲು ಮುಚ್ಚಿ, ನೋಡಲು ಬಂದಿದ್ದ ಹೆಂಗಸರಲ್ಲಿ ಮಕ್ಕಳೊಂದಿಗಳಾದ ಹನ್ನೆರಡು ಮಂದಿಯನ್ನು ಹಿಡಿದು ಪ್ರಮಾಣ ಮಾಡಿಸಿ, ಅಪರಾಧಿಯನ್ನು ಒಳಗೆ ಕರೆದೊಯ್ದು ಪರೀಕ್ಷಿಸಲು ಹೇಳುತ್ತಿದ್ದರು. ಸಾಮಾನ್ಯ ಜ್ಯೂರಿಯಲ್ಲಿ ಹೆಂಗಸರಿಗೆ ಜಾಗ ಸಿಕ್ಕಿದ್ದು 1919ರ ಕಾಯಿದೆಯಿಂದ. ಅದಕ್ಕೂ ಶತಮಾನಗಳ ಮೊದಲೇ ಈ ಒಂದು ಕೆಲಸಕ್ಕೆ ಮಾತ್ರ ಹೆಂಗಸರ ಜ್ಯೂರಿ ಇತ್ತು. ಬರಿಯ ಬಸುರಾಗಿದ್ದರೆ ಸಾಲದು, ಹೊಟ್ಟೆಯಲ್ಲಿ ಮಗು ಮಿಸುಕಾಡಿರಬೇಕು. ಮಿಸುಕಿದ ಮೇಲೆಯೇ ಅದಕ್ಕೆ ಜೀವ ಬಂತು ಎಂಬುದು ಆಗಿನ ನಂಬಿಕೆ. ಹೌದೆಂದು ಹೇಳಿದರೆ ಹೆರಿಗೆಯವರೆಗೆ ತಡೆ. ಆಮೇಲೆ ಗಲ್ಲು. ಕಾನೂನಿನ ಮಾತು ಹೀಗಿದ್ದರೂ, ಒಮ್ಮೆ ತಡೆದ ಶಿಕ್ಷೆಯನ್ನು ಮತ್ತೆ ಎಬ್ಬಿಸಲು ಮನಸ್ಸಾಗದೆ ಎಷ್ಟೋ ಹೆಂಗಸರಿಗೆ ಕ್ಷಮೆ ಸಿಕ್ಕಿತು. ಆ ಹನ್ನೆರಡು ಮಂದಿ ಎಷ್ಟೋ ಸಲ ಇಲ್ಲದ ಮಗುವನ್ನೂ ಇದೆ ಎಂದಿರಬೇಕು ಎಂಬ ಗುಮಾನಿ ಆಗಲೇ ಇತ್ತು. ಸುಳ್ಳು ಹೇಳಿದ್ದರೆ ಒಳ್ಳೆಯ ಸುಳ್ಳೇ ಹೇಳಿದರು ಎನ್ನಬೇಕು.

ಇದ್ದ ಮಗುವನ್ನು ಇಲ್ಲವೆಂದದ್ದೂ ಉಂಟು. ಅಮೆರಿಕ ಸ್ವಾತಂತ್ರ್ಯ ಘೋಷಿಸಿಕೊಂಡು ಎರಡು ವರ್ಷವಾಗಿತ್ತು. ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಬತ್‌ಶೀಬಾ ಸ್ಪೂನರ್ ಎಂಬ ಅನುಕೂಲಸ್ಥರ ಮನೆಯ ಹೆಂಗಸು ಮೂವರು ಸೈನಿಕರ ಕೈಲಿ ಗಂಡನನ್ನು ಕೊಲ್ಲಿಸಿದಳು. ಹೆಣವನ್ನು ಮನೆಯ ಬಾವಿಗೇ ಹಾಕಿದ್ದರು. ಅವರಲ್ಲಿ ಒಬ್ಬನಿಗೆ ಇನ್ನೂ ಹದಿನೆಂಟು ತುಂಬಿರಲಿಲ್ಲ. ನಾಲ್ವರಿಗೂ ಗಲ್ಲು. ತಾನು ಬಸುರಿ ಎಂದು ಆಕೆ ಅರ್ಜಿ ಬರೆದಳು. ತನಗಾಗಿ ಏನನ್ನೂ ಬೇಡಲಿಲ್ಲ. ಹೊತ್ತವಳ ತಪ್ಪಿನಲ್ಲಿ ಹೊಟ್ಟೆಯಲ್ಲಿರುವುದಕ್ಕೆ ಪಾಲಿಲ್ಲ ಎಂಬುದು ಅವಳ ವಾದ. ಹೆಂಗಸರ ಜ್ಯೂರಿ ಪರೀಕ್ಷಿಸಿ ಇಲ್ಲವೆಂದಿತು. ಆಕೆ ಮತ್ತೆ ಅರ್ಜಿ ಹಾಕಿಕೊಂಡಳು. ಎರಡನೆಯ ಸಲ ನೋಡಿದವರಲ್ಲಿ ಕೆಲವರು ಹೌದೆಂದರು, ಅಧಿಕಾರದಲ್ಲಿದ್ದವರು ಕೇಳಲಿಲ್ಲ. 1778ರ ಜುಲೈ 2ರಂದು ವೂಸ್ಟರ್ ಊರಿನಲ್ಲಿ ಗಲ್ಲಿಗೇರಿಸಿದರು. ಸತ್ತ ಮೇಲೆ ತನ್ನ ಹೊಟ್ಟೆ ಕೊಯ್ದು ನೋಡಬೇಕೆಂದು ಆಕೆಯೇ ಕೇಳಿಕೊಂಡಿದ್ದಳು. ಕೊಯ್ದು ನೋಡಿದರು. ಐದು ತಿಂಗಳ ಗಂಡು ಪಿಂಡ ಇತ್ತು.

ಅವಳ ತಂದೆ ಇಂಗ್ಲೆಂಡಿನ ರಾಜನ ಕಡೆಯವನೆಂದು ಹೆಸರಾದವನು. ಆ ಸಿಟ್ಟೂ ತಕ್ಕಡಿಯಲ್ಲಿ ಕೂತಿತ್ತು ಎಂದು ಹೇಳುವ ಇತಿಹಾಸಕಾರರಿದ್ದಾರೆ. ಇದ್ದರೂ ಇರಬಹುದು. ನನಗೆ ಮುಖ್ಯವಾಗಿ ಕಾಣುವುದು ಬೇರೆ. ತನ್ನ ಮಾತು ನಿಜ ಎಂದು ತೋರಿಸಲು ಅವಳ ಬಳಿ ಉಳಿದಿದ್ದ ಸಾಕ್ಷಿ ತನ್ನ ಹೆಣವೊಂದೇ.

ಇಂಗ್ಲೆಂಡಿನಲ್ಲಿ ಈ ಪದ್ಧತಿಗೆ ಕೊನೆ ಹಾಡಿದ್ದು 1931ರಲ್ಲಿ. ಆ ವೇಳೆಗೆ ಬಸುರಿಯನ್ನು ಗಲ್ಲಿಗೇರಿಸುವುದು ನಿಂತೇಹೋಗಿತ್ತು. ಆದರೂ ನ್ಯಾಯಾಧೀಶ ಆಕೆಯ ಎದುರಿಗೆ ಸಾವಿನ ತೀರ್ಪನ್ನು ಓದಲೇಬೇಕಿತ್ತು. ಅದು ಜಾರಿಯಾಗುವುದಿಲ್ಲವೆಂದು ಕೋಣೆಯಲ್ಲಿದ್ದವರಿಗೆಲ್ಲ ಗೊತ್ತು, ಕಟಕಟೆಯಲ್ಲಿ ನಿಂತವಳಿಗೆ ಮಾತ್ರ ಗೊತ್ತಿಲ್ಲ. ಈಡಿತ್ ಪಿಕ್ಟನ್-ಟರ್ಬರ್ವಿಲ್ ಎಂಬ ಪಾರ್ಲಿಮೆಂಟ್ ಸದಸ್ಯೆ, ಹಿಂದೆ ವೈ.ಡಬ್ಲ್ಯು.ಸಿ.ಎ. ಸಂಸ್ಥೆಯ ಪರವಾಗಿ ಭಾರತದಲ್ಲೂ ಕೆಲಸ ಮಾಡಿದ್ದವರು, ಇದನ್ನು ನಿಲ್ಲಿಸಲು ಮಸೂದೆ ತಂದರು. ಬಸುರಿಗೆ ಮರಣದಂಡನೆ ವಿಧಿಸುವುದೇ ಬೇಡ, ಜೀವಾವಧಿ ಸೆರೆಯೇ ತೀರ್ಪಾಗಲಿ ಎಂದು ಕಾಯಿದೆಯಾಯಿತು. ಹೆತ್ತ ಮೇಲೂ ಗಲ್ಲಿಲ್ಲ. ಹೆಂಗಸರ ಜ್ಯೂರಿಗೆ ಬದಲಾಗಿ ವೈದ್ಯರ ಸಾಕ್ಷ್ಯ ಬಂತು.

ಅದೇ ಇಂಗ್ಲಿಷರು ನಮಗೆ ಬರೆದುಕೊಟ್ಟಿದ್ದ 1898ರ ದಂಡ ಪ್ರಕ್ರಿಯಾ ಸಂಹಿತೆ ಏನು ಹೇಳುತ್ತಿತ್ತು? ಮರಣದಂಡನೆಯಾದ ಹೆಂಗಸು ಬಸುರಿ ಎಂದು ಕಂಡುಬಂದರೆ ಹೈಕೋರ್ಟು ಶಿಕ್ಷೆಯನ್ನು ಮುಂದೂಡಬೇಕು. ಸರಿಯೆಂದು ತೋರಿದರೆ ಶಿಕ್ಷೆಯನ್ನು ಇಳಿಸಬಹುದು. ಮುಂದೂಡುವುದಕ್ಕೆ 'ಬೇಕು', ಉಳಿಸುವುದಕ್ಕೆ 'ಬಹುದು'. ಸ್ವತಂತ್ರ ಭಾರತ 1973ರಲ್ಲಿ ಹೊಸ ಸಂಹಿತೆ ಬರೆದುಕೊಂಡಾಗಲೂ 416ನೆಯ ವಿಧಿಯಲ್ಲಿ ಈ 'ಬಹುದು' ಹಾಗೇ ಕೂತಿತು. ಅದನ್ನು ಕಿತ್ತುಹಾಕಿ, ಇಳಿಸಲೇಬೇಕು ಎಂದು ಮಾಡಿದ ತಿದ್ದುಪಡಿ ಜಾರಿಗೆ ಬಂದದ್ದು 2009ರ ಡಿಸೆಂಬರ್ ಕೊನೆಯಲ್ಲಿ. ಲಂಡನ್ನಿನಲ್ಲಿ ಅಳಿಸಿದ ಒಂದು ಪದ ನಮ್ಮಲ್ಲಿ ಅಳಿಯಲು ಎಪ್ಪತ್ತೆಂಟು ವರ್ಷ ಬೇಕಾಯಿತು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 456ನೆಯ ವಿಧಿಯಲ್ಲೂ ಈಗ 'ಬೇಕು' ಎಂದೇ ಇದೆ.

ಈ ನಡುವೆ ಲೋಕದ ಮಟ್ಟದಲ್ಲಿ ದೊಡ್ಡ ಮಾತುಕತೆಯೇ ನಡೆದಿತ್ತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ವಿಶ್ವಸಂಸ್ಥೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಬರೆಯಲು ಕುಳಿತಾಗ ಭಾರತದ ಪ್ರತಿನಿಧಿಯಾಗಿ ಹೋಗಿದ್ದವರು ಹಂಸಾ ಮೆಹತಾ. ಕರಡಿನಲ್ಲಿ ಎಲ್ಲ 'ಪುರುಷರೂ' ಸಮಾನರು ಎಂಬ ಅರ್ಥ ಬರುವಂತಿದ್ದುದನ್ನು ಎಲ್ಲ 'ಮಾನವರೂ' ಎಂದು ತಿದ್ದಿಸಿದವರು ಅವರು. ಆ ಒಂದು ಪದಕ್ಕಾಗಿ ಹಂಸಾಬೆನ್ ಅವರಿಗೆ ನಾವೆಲ್ಲ ಒಂದು ನಮಸ್ಕಾರ ಹೇಳಬೇಕು. 1948ರ ಡಿಸೆಂಬರ್ 10ರಂದು ಪ್ಯಾರಿಸ್ಸಿನಲ್ಲಿ ಅಂಗೀಕಾರವಾದ ಘೋಷಣೆಯಲ್ಲಿ ಪ್ರತಿಯೊಬ್ಬರಿಗೂ ಬದುಕುವ ಹಕ್ಕಿದೆ ಎಂದಿದೆ, ಮರಣದಂಡನೆಯ ಸುದ್ದಿಯೇ ಇಲ್ಲ. ಮರೆತದ್ದಲ್ಲ. ಗಲ್ಲನ್ನು ಹೊರತೆಂದು ಬರೆದರೆ ಅದಕ್ಕೆ ಒಪ್ಪಿಗೆ ಕೊಟ್ಟಂತಾದೀತು, ನಿಷೇಧಿಸಿದರೆ ಹಲವು ದೇಶಗಳು ಸಹಿ ಹಾಕವು; ಹಾಗಾಗಿ ಸುಮ್ಮನಿರುವುದೇ ಲೇಸು ಎಂದುಕೊಂಡರು.

ಸುಮ್ಮನಿರಲಾಗದ ಹೊತ್ತು ಬಂದದ್ದು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಯನ್ನು ಬರೆಯುವಾಗ. ಘೋಷಣೆಯೆಂದರೆ ಆಶಯ, ಒಡಂಬಡಿಕೆ ಹಾಗಲ್ಲ, ಸೇರಿದ ದೇಶವನ್ನು ಅದು ಕಟ್ಟಿಹಾಕುತ್ತದೆ. ಬದುಕುವ ಹಕ್ಕಿನ ಆರನೆಯ ವಿಧಿಯನ್ನು 1957ರಲ್ಲಿ ವಿಶ್ವಸಂಸ್ಥೆಯ ಸಮಿತಿಯೊಂದು ಸಾಲು ಸಾಲಾಗಿ ಚರ್ಚಿಸಿತು. ಬಸುರಿಯ ಮೇಲೆ ಮರಣದಂಡನೆಯನ್ನು ಜಾರಿ ಮಾಡಕೂಡದು ಎಂಬ ಮಾತು ಬಂದಾಗ, ನಮ್ಮ ಹಿಂದಿನ ಬೆಂಚಿನ ಹುಡುಗಿಯ ಪ್ರಶ್ನೆಯೇ ಅಲ್ಲೂ ಎದ್ದಿತು: ಹೆತ್ತ ಮೇಲೆ? ಕೆಲವರು ಹೆರಿಗೆಯವರೆಗೆ ತಡೆದರೆ ಸಾಕೆಂದರು. ಇನ್ನು ಕೆಲವರು ಒಪ್ಪಲಿಲ್ಲ. ಹೆತ್ತ ಕೂಡಲೇ ನನ್ನನ್ನು ಕೊಲ್ಲುತ್ತಾರೆ ಎಂಬ ಭಯದಲ್ಲೇ ತಾಯಿ ದಿನ ಕಳೆಯುತ್ತಿದ್ದರೆ ಹೊಟ್ಟೆಯ ಮಗು ಸರಿಯಾಗಿ ಬೆಳೆದೀತೇ ಎಂದು ಅವರು ಕೇಳಿದರು. ಸುಭದ್ರೆಯ ಗರ್ಭದಲ್ಲಿದ್ದುಕೊಂಡೇ ಅಭಿಮನ್ಯು ಚಕ್ರವ್ಯೂಹದ ಗುಟ್ಟು ಕೇಳಿಸಿಕೊಂಡ ಕತೆಯನ್ನು ನಾವು ಹಾಲು ಕುಡಿಯುವಾಗಿನಿಂದ ಕೇಳಿದ್ದೇವೆ. ಬಸುರಿಗೆ ಹೆದರಿಕೆಯ ಸುದ್ದಿ ಹೇಳಬಾರದೆಂದು ಅಜ್ಜಿ ಗದರುತ್ತಿದ್ದುದನ್ನು ಸೂಟು ಹಾಕಿದ ರಾಯಭಾರಿಗಳು ಕಾನೂನಿನ ಭಾಷೆಯಲ್ಲಿ ಹೇಳಿದ್ದರು, ಅಷ್ಟೆ.

ಕೊನೆಗೆ 1966ರ ಡಿಸೆಂಬರ್ 16ರಂದು ಒಪ್ಪಿಗೆ ಪಡೆದ ಪಾಠದಲ್ಲಿ ಎರಡು ಕ್ರಿಯಾಪದಗಳು ಒಂದೇ ವಾಕ್ಯದಲ್ಲಿ ಕೂತಿವೆ. ಹದಿನೆಂಟು ತುಂಬದವರು ಮಾಡಿದ ಅಪರಾಧಕ್ಕೆ ಮರಣದಂಡನೆ 'ವಿಧಿಸಕೂಡದು'. ಬಸುರಿಯ ಮೇಲೆ ಅದನ್ನು 'ಜಾರಿ ಮಾಡಕೂಡದು'. ಮಕ್ಕಳ ವಿಷಯದಲ್ಲಿ ಆ ಬಾಗಿಲು ಮುಚ್ಚಿತು. ಬಸುರಿಯ ವಿಷಯದಲ್ಲಿ ಅಗುಳಿ ಹಾಕದೆ ಬಿಟ್ಟರು. ಹೆತ್ತ ಮೇಲೆ ತೆರೆಯುವ ದೇಶ ತೆರೆಯಬಹುದು.

ಆದರೂ ಆ ವಾಕ್ಯಕ್ಕಿರುವ ಗಟ್ಟಿತನ ನೋಡಿ. ಅಮೆರಿಕ 1992ರಲ್ಲಿ ಈ ಒಡಂಬಡಿಕೆಗೆ ಸೇರುವಾಗ, ತನಗೆ ಬೇಕಾದವರಿಗೆ, ಹದಿನೆಂಟು ತುಂಬದ ಅಪರಾಧಿಗಳಿಗೂ ಸಹ, ಮರಣದಂಡನೆ ಕೊಡುವ ಹಕ್ಕನ್ನು ಉಳಿಸಿಕೊಳ್ಳುವುದಾಗಿ ಷರತ್ತು ಬರೆಯಿತು. ಆ ಷರತ್ತಿನಲ್ಲೇ 'ಬಸುರಿಯೊಬ್ಬಳನ್ನು ಬಿಟ್ಟು' ಎಂದು ಸೇರಿಸಿತು. ಬತ್‌ಶೀಬಾಳ ಜೊತೆ ಗಲ್ಲಿಗೇರಿದ ಹುಡುಗನಂಥವರಿಗೆ ಅಲ್ಲಿ ರಕ್ಷೆ ಸಿಗಲು 2005ರ ಸುಪ್ರೀಂ ಕೋರ್ಟಿನ ತೀರ್ಪು ಬರಬೇಕಾಯಿತು.

ಬಾಣಂತಿ ಅಂತಾರಾಷ್ಟ್ರೀಯ ಕಾನೂನಿನೊಳಗೆ ಬಂದದ್ದು ನಿಧಾನವಾಗಿ, ಮೊದಲು ಯುದ್ಧದ ಬಾಗಿಲಿನಿಂದ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಪುರವಣಿಗಳು ಎಳೆಮಕ್ಕಳ ತಾಯಂದಿರನ್ನೂ ಗಲ್ಲಿಗೇರಿಸಬಾರದೆಂದವು. ಯುದ್ಧಕಾಲದಲ್ಲಿ ಕಂಡ ಮರುಕ ಶಾಂತಿಕಾಲದ ಕಾಗದಕ್ಕೆ ಬಂದದ್ದು 1984ರಲ್ಲಿ, ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿ ಮರಣದಂಡನೆಯ ಕೈದಿಗಳಿಗಾಗಿ ಬರೆದ ರಕ್ಷಣೆಗಳಲ್ಲಿ: ಬಸುರಿಯರಿಗೂ ಇಲ್ಲ, ಹೊಸದಾಗಿ ತಾಯಾದವರಿಗೂ ಇಲ್ಲ. ಎಷ್ಟು ದಿನದವರೆಗೆ 'ಹೊಸದಾಗಿ' ಎಂದು ಅಲ್ಲಿ ಹೇಳಿಲ್ಲ. ಅರಬ್ ದೇಶಗಳು 2004ರಲ್ಲಿ ಒಪ್ಪಿದ ಸನ್ನದು ಲೆಕ್ಕವನ್ನೇ ಕೊಟ್ಟಿತು: ಹಾಲೂಡಿಸುವ ತಾಯಿಗೆ ಹೆರಿಗೆಯಿಂದ ಎರಡು ವರ್ಷ. ಕೌಟಿಲ್ಯನ ಒಂದು ತಿಂಗಳಿಗಿಂತ ಇದು ಉದಾರ, ಆದರೆ ಲೆಕ್ಕದ ಜಾತಿ ಒಂದೇ. ಆಫ್ರಿಕಾದ ದೇಶಗಳು ಮಕ್ಕಳ ಹಕ್ಕಿನ ಸನ್ನದಿನಲ್ಲಿ 1990ರಲ್ಲೇ ಇನ್ನೊಂದು ದಾರಿ ಹಿಡಿದಿದ್ದವು. ಎಳೆಮಕ್ಕಳ ತಾಯಂದಿರಿಗೆ ಮರಣದಂಡನೆಯನ್ನು ವಿಧಿಸುವುದೇ ಬೇಡ ಎಂದವು. ಒಡಂಬಡಿಕೆಯ ಪಾಲನೆಯನ್ನು ನೋಡಿಕೊಳ್ಳುವ ಸಮಿತಿ 2018ರಲ್ಲಿ ಬರೆದ ವ್ಯಾಖ್ಯಾನದಲ್ಲಿ 'ತಾಯಿ' ಎಂಬ ಮಾತೂ ಹೋಗಿ 'ತಂದೆತಾಯಿ' ಬಂದಿದ್ದಾರೆ. ತೀರ ಚಿಕ್ಕ ಮಕ್ಕಳಿರುವ ಯಾರನ್ನೂ ಗಲ್ಲಿಗೇರಿಸದಿರುವುದು ಒಳಿತು ಎಂಬುದು ಅದರ ಅಭಿಪ್ರಾಯ.

ನೂಲಿನ ಉಂಡೆಯ ಒಂದು ತುದಿ ಸಿಕ್ಕಿದರೆ ಎಳೆದಷ್ಟೂ ಬರುತ್ತದಲ್ಲ, ಹಾಗೆ. ಬಸುರಿಯನ್ನು ಕೊಲ್ಲಬಾರದು ಎಂದರೆ ಗಲ್ಲಿನ ಪರವಾದವರೂ ತಲೆದೂಗುತ್ತಾರೆ. ಆದರೆ ಹೆತ್ತ ಮಾರನೆಯ ದಿನ ಅವಳ ಅಪರಾಧವೇನಾದರೂ ದೊಡ್ಡದಾಯಿತೇ? ಅವಳ ತಪ್ಪು ಇದ್ದಷ್ಟೇ ಇದೆ. ನಮ್ಮ ಅಂಜಿಕೆ ಮಾತ್ರ ಕಡಿಮೆಯಾಗಿದೆ. ಕಾನೂನು ಇಷ್ಟು ಶತಮಾನ ಕರುಣೆ ಎಂದು ಕರೆದದ್ದು ಗರ್ಭಕ್ಕೆ ಕೊಟ್ಟ ಮರ್ಯಾದೆ. ಹೆಂಗಸಿಗೆ ಅದರಲ್ಲಿ ಸಿಕ್ಕಿದ್ದು ಪಾತ್ರೆಯ ಪಾಲು.

ಭಾರತ ಈ ಒಡಂಬಡಿಕೆಗೆ ಸೇರಿದ್ದು 1979ರ ಏಪ್ರಿಲ್‌ನಲ್ಲಿ. ಮಾರನೆಯ ವರ್ಷವೇ ಬಚನ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದೇ ಆರನೆಯ ವಿಧಿಯನ್ನು ಎದುರಿಗಿಟ್ಟುಕೊಂಡು, ಮರಣದಂಡನೆಯನ್ನು ತೆಗೆದುಹಾಕಲೇಬೇಕೆಂದು ಅದು ಹೇಳುವುದಿಲ್ಲ ಎಂದಿತು. ಅಪರೂಪದಲ್ಲಿ ಅಪರೂಪವಾದ ಪ್ರಕರಣಕ್ಕೆ ಮಾತ್ರ ಗಲ್ಲು ಎಂಬ ಸೂತ್ರ ಅಲ್ಲಿಂದಲೇ ಬಂದದ್ದು. ಗಲ್ಲನ್ನೇ ಕೈಬಿಡುವ 1989ರ ಹೆಚ್ಚುವರಿ ಒಪ್ಪಂದಕ್ಕೆ ಭಾರತ ಸೇರಿಲ್ಲ. ಗಲ್ಲಿಗೆ ತಡೆ ಹಾಕಿರೆಂದು ವಿಶ್ವಸಂಸ್ಥೆಯ ಮಹಾಸಭೆ 2007ರಲ್ಲಿ 104 ಮತಗಳಿಂದ ನಿರ್ಣಯ ಮಾಡಿದಾಗ ವಿರೋಧವಾಗಿ ಬಿದ್ದ 54 ಮತಗಳಲ್ಲಿ ನಮ್ಮದೂ ಒಂದು.

ನಮ್ಮ ಕಾನೂನಿನ ಬಸುರಿ-ಬಾಣಂತಿ ಗೆರೆ ಎಲ್ಲಿ ಚುಚ್ಚುತ್ತದೆ ಎಂಬುದು ಎರಡು ಮೊಕದ್ದಮೆಗಳಲ್ಲಿ ಕಾಣುತ್ತದೆ. ರಾಜೀವ್ ಗಾಂಧಿ ಹತ್ಯೆಯ ಪ್ರಕರಣದಲ್ಲಿ 1991ರಲ್ಲಿ ಬಂಧನವಾದಾಗ ನಳಿನಿ ಬಸುರಿ. ಮಗು ಹುಟ್ಟಿದ್ದು ಸೆರೆಯಲ್ಲಿ. ವಿಚಾರಣೆ ಮುಗಿದು ಗಲ್ಲಿನ ತೀರ್ಪು ಬಂದದ್ದು 1998ರ ಜನವರಿಯಲ್ಲಿ. ಆಗ 416ನೆಯ ವಿಧಿಗೆ ಎದುರಿಗೆ ಯಾವ ಬಸುರಿಯೂ ಕಾಣಲಿಲ್ಲ. 1999ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳಲ್ಲಿ ಇಬ್ಬರು ಅವಳ ಗಲ್ಲನ್ನು ಎತ್ತಿಹಿಡಿದರು. ಕೆ.ಟಿ. ಥಾಮಸ್ ಒಬ್ಬರೇ ಬೇರೆ ಮಾತು ಬರೆದರು. ಮಗುವಿನ ತಂದೆಗೂ ಗಲ್ಲಾಗಿದೆ, ತಾಯಿಯೂ ಹೋದರೆ ಸೆರೆಯಲ್ಲಿ ಹುಟ್ಟಿದ ಆ ಹೆಣ್ಣುಮಗು ತಬ್ಬಲಿಯಾಗುತ್ತದೆ ಎಂಬುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಕ್ಷಮಾದಾನದ ಅರ್ಜಿ ತಮಿಳುನಾಡಿನ ರಾಜ್ಯಪಾಲರಾಗಿದ್ದ ಫಾತಿಮಾ ಬೀವಿಯವರ ಮುಂದೆ ಹೋಯಿತು. ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ ಎಂದು ನಾವೆಲ್ಲ ಅಭಿಮಾನ ಪಟ್ಟಿದ್ದೆವಲ್ಲ, ಅವರೇ. ಮೊದಲ ಸಲ ಅವರು ಅದನ್ನು ತಿರಸ್ಕರಿಸಿದರು. ಮಂತ್ರಿಮಂಡಲದ ಸಲಹೆ ಪಡೆಯದೆ ಹಾಗೆ ಮಾಡಬಾರದೆಂದು ಮದ್ರಾಸ್ ಹೈಕೋರ್ಟು ಹೇಳಿದ ಮೇಲೆ, ಮಂತ್ರಿಮಂಡಲದ ಶಿಫಾರಸಿನಂತೆ 2000ದ ಏಪ್ರಿಲ್‌ನಲ್ಲಿ ನಳಿನಿಯ ಶಿಕ್ಷೆ ಜೀವಾವಧಿಗೆ ಇಳಿಯಿತು. ಗಂಡನನ್ನು ಕಳೆದುಕೊಂಡ ಸೋನಿಯಾ ಗಾಂಧಿಯವರೇ ಆ ಮಗುವಿಗಾಗಿ ಮಾತಾಡಿದ್ದರು. 2022ರ ನವೆಂಬರಿನಲ್ಲಿ ನಳಿನಿ ಬಿಡುಗಡೆಯಾದಳು.

ಎರಡನೆಯದು ಮನಸ್ಸನ್ನು ಇನ್ನೂ ಕಲಕುವಂಥದು. ಉತ್ತರ ಪ್ರದೇಶದ ಅಮರೋಹಾ ಬಳಿಯ ಹಳ್ಳಿಯಲ್ಲಿ 2008ರ ಏಪ್ರಿಲ್‌ನ ಒಂದು ರಾತ್ರಿ ಶಬನಮ್ ಎಂಬಾಕೆ ತನ್ನ ಪ್ರಿಯಕರನೊಂದಿಗೆ ಸೇರಿ ಮನೆಯವರು ಏಳು ಮಂದಿಯನ್ನು ಕೊಂದಳೆಂದು ನ್ಯಾಯಾಲಯಗಳು ತೀರ್ಮಾನಿಸಿದವು. ಸತ್ತವರಲ್ಲಿ ತಂದೆ, ತಾಯಿ, ಅಣ್ಣತಮ್ಮಂದಿರು. ಹತ್ತು ತಿಂಗಳ ಕೂಸೂ ಒಂದು, ಅವಳ ಅತ್ತಿಗೆಯ ಮಡಿಲಿನದು. ಇದನ್ನು ಓದಿದ ಯಾವ ತಾಯಿಯೂ 'ಅವಳನ್ನು ಬಿಡಬೇಡಿ' ಎಂದೇ ಹೇಳುತ್ತಾಳೆ. ನಮ್ಮ ಮಹಿಳಾ ಸಮಾಜದಲ್ಲಿ ಈ ಮಾತು ಬಂದ ದಿನ ಸುತ್ತ ಕೂತಿದ್ದವರೆಲ್ಲ ಹಾಗೇ ಹೇಳಿದರು. ಅವರ ಸಿಟ್ಟಿಗೆ ಎದುರಾಡಲು ನನಗೂ ಬಾಯಿ ಬರಲಿಲ್ಲ. ಆ ಕೂಸಿನ ಪರವಾಗಿ ಯಾರಾದರೂ ಸಿಟ್ಟಾಗಲೇಬೇಕು.

ಆದರೆ ಆ ರಾತ್ರಿ ಶಬನಮ್ ತಾನೂ ಬಸುರಿ. ಸೆರೆಮನೆ ಸೇರಿದ ವರ್ಷದ ಡಿಸೆಂಬರಿನಲ್ಲಿ ಹೆತ್ತಳು. ಸೆಷನ್ಸ್ ನ್ಯಾಯಾಲಯ ಗಲ್ಲು ವಿಧಿಸಿದ್ದು 2010ರಲ್ಲಿ. ಅಷ್ಟರಲ್ಲಿ ಬಸುರಿಗೆ ಶಿಕ್ಷೆ ಇಳಿಸಲೇಬೇಕು ಎಂಬ ತಿದ್ದುಪಡಿ ಜಾರಿಗೆ ಬಂದಿತ್ತು. ಮಗುವೂ ನಡೆಯಲು ಕಲಿತಿತ್ತು. ಕಾನೂನು ಬಸುರಿಯನ್ನು ಹುಡುಕುವುದು ಶಿಕ್ಷೆಯಾದ ದಿನದ ಮೇಲೆ. ಬಸುರು ಒಂಬತ್ತು ತಿಂಗಳಿನದು, ನಮ್ಮ ಮೊಕದ್ದಮೆಗಳು ವರ್ಷಗಟ್ಟಲೆ ನಡೆಯುವಂಥವು. ಲಗುಬಗೆಯಿಂದ ವಿಚಾರಣೆ ಮುಗಿಯುವ ದೇಶದಲ್ಲಿ ಈ ವಿಧಿ ಉಳಿಸುವ ಹೆಂಗಸು, ನಿಧಾನದ ದೇಶದಲ್ಲಿ ಅದರ ಕೈಯಿಂದ ಜಾರಿಬಿಡುತ್ತಾಳೆ.

ಸುಪ್ರೀಂ ಕೋರ್ಟು 2015ರ ಮೇ 15ರಂದು ಇಬ್ಬರ ಗಲ್ಲನ್ನೂ ಕಾಯಂ ಮಾಡಿತು. ಆರೇ ದಿನಕ್ಕೆ ಕೆಳಗಿನ ನ್ಯಾಯಾಲಯ ಗಲ್ಲಿನ ವಾರಂಟು ಹೊರಡಿಸಿಬಿಟ್ಟಿತು. ಮರುಪರಿಶೀಲನೆ, ಕ್ಷಮಾದಾನದ ಅರ್ಜಿ ಒಂದೂ ಮುಗಿದಿರಲಿಲ್ಲ. ಆ ತಿಂಗಳೇ ಸುಪ್ರೀಂ ಕೋರ್ಟು ವಾರಂಟನ್ನು ರದ್ದು ಮಾಡಿ, ಗಲ್ಲಿನ ಕೈದಿಗೂ ಘನತೆಯ ಹಕ್ಕಿದೆ, ದಿನ ಗೊತ್ತು ಮಾಡುವ ಮೊದಲು ಅವರಿಗೆ ತಿಳಿಸಬೇಕು, ಕಡೆಯ ಸಲ ಮನೆಯವರನ್ನು ಕಾಣಲು ಅವಕಾಶವಿರಬೇಕು ಎಂದಿತು. ಮರುಪರಿಶೀಲನೆಯ ಅರ್ಜಿ 2020ರ ಜನವರಿಯಲ್ಲಿ ವಜಾ ಆಯಿತು.

ಸೆರೆಯಲ್ಲಿರುವ ತಾಯಂದಿರ ಮಕ್ಕಳ ಬಗ್ಗೆ ಸುಪ್ರೀಂ ಕೋರ್ಟು 2006ರಲ್ಲೇ, ಆರ್.ಡಿ. ಉಪಾಧ್ಯಾಯ ಮೊಕದ್ದಮೆಯಲ್ಲಿ, ಕೆಲವು ನಿಯಮ ಮಾಡಿತ್ತು. ಮಗು ಆರು ವರ್ಷದವರೆಗೆ ತಾಯಿಯ ಜೊತೆ ಇರಬಹುದು, ಆಮೇಲೆ ಹೊರಗೆ ಕಳಿಸಬೇಕು. ಶಬನಮ್‌ಳ ಮಗು ಹೊರಗಿನವರ ಮಡಿಲಿಗೆ ಹೋದದ್ದು ತಾಯಿಯ ಗಲ್ಲು ಕಾಯಂ ಆದ 2015ರಲ್ಲೇ. ಅದೇ ನಿಯಮಗಳಲ್ಲಿ ಇನ್ನೊಂದಿದೆ. ಸೆರೆಯಲ್ಲಿ ಹುಟ್ಟಿದ ಮಗುವಿನ ಜನನವನ್ನು ಊರಿನ ನೋಂದಣಿ ಕಚೇರಿಯಲ್ಲೇ ಬರೆಸಬೇಕು. ಹುಟ್ಟಿದ ಸ್ಥಳ ಎಂಬ ಕಡೆ ಜೈಲಿನ ಹೆಸರು ಬರಕೂಡದು, ಆ ಬಡಾವಣೆಯ ವಿಳಾಸವಷ್ಟೇ ಇರಬೇಕು.